ತೂಕ ನೋಡಿದರು, ತಾರೀಖು ನೋಡಲಿಲ್ಲ

ಕೊಪ್ಪಳ, ರಾಯಚೂರಿನ ಕಡೆ ಸಣ್ಣ ಕೂಸು ಹುಟ್ಟಿದರೆ ಮೊದಲ ಪ್ರಶ್ನೆ ‘ಎಷ್ಟು ಕೆಜಿ ಐತಿ?’ ಅಂತ. ಎಷ್ಟನೇ ವಾರಕ್ಕೆ ಹುಟ್ಟಿತು ಅಂತ ಕೇಳುವವರು ಕಡಿಮೆ. ಜನರನ್ನು ದೂರಬೇಕಿಲ್ಲ, ಡಾಕ್ಟರುಗಳೇ ದಶಕಗಟ್ಟಲೆ ಹಾಗೆ ಕೇಳಿದ್ದರು.

1919ರಲ್ಲಿ ಫಿನ್ಲೆಂಡಿನ ಮಕ್ಕಳ ವೈದ್ಯ ಅರ್ವೊ ಯಲ್ಪೊ ಎರಡೂವರೆ ಕೆಜಿಗೆ ಗೆರೆ ಎಳೆದರು: ತೂಕ ಅದಕ್ಕಿಂತ ಹೆಚ್ಚಿಲ್ಲದಿದ್ದರೆ ಕೂಸು ದಿನ ತುಂಬುವ ಮೊದಲೇ ಹುಟ್ಟಿದೆ ಅಂತ ಲೆಕ್ಕ. 1950ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹಿಡಿದಿತ್ತು. ಆದರೆ ಒಂಬತ್ತು ತಿಂಗಳು ತುಂಬಿಯೂ ಸೊರಗಿ ಹುಟ್ಟುವ ಮಕ್ಕಳಿದ್ದಾವಲ್ಲ? ಇವರನ್ನೂ ಬೇಗ ಹುಟ್ಟಿದವರನ್ನೂ ಒಂದೇ ಲೆಕ್ಕಕ್ಕೆ ಹಾಕಿದರೆ ಹೆರಿಗೆ ಬೇಗ ಏಕಾಯಿತು ಅಂತ ತಿಳಿಯುವುದಾದರೂ ಹೇಗೆ! 1961ರಲ್ಲಿ ಸಂಸ್ಥೆ ಎರಡನ್ನೂ ಬೇರೆ ಮಾಡಿತು. ಈಗ 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಪೂರ್ವ ಹೆರಿಗೆ.

ಹಿಂದೊಮ್ಮೆ ಹಾಗೆ ಆಗಿದ್ದರೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ. ಅವಳಿ, ಗಿಡ್ಡ ಗರ್ಭಕಂಠ (ಗರ್ಭಕೋಶದ ಬಾಯಿ), ಬಿಪಿ, ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ತಂಬಾಕು ಕೂಡ ಕಾರಣಗಳೇ. ಇವು ಎಲ್ಲ ಊರಿನವೂ ಹೌದು. ನಮ್ಮ ಕಡೆ ಇನ್ನೂ ಕೆಲವು ಸೇರುತ್ತವೆ: ಹದಿನೆಂಟು ತುಂಬುವ ಮೊದಲೇ ಮದುವೆ, ಕೈಗೂಸು ಇರುವಾಗಲೇ ಮತ್ತೆ ಬಸಿರು, ರಕ್ತಹೀನತೆ. ರಕ್ತಹೀನತೆಗೆ 1970ರಿಂದಲೇ ಸರ್ಕಾರ ಕಬ್ಬಿಣದ ಮಾತ್ರೆ ಕೊಡುತ್ತಿದೆ. ನುಂಗಿದರೆ ಮಲ ಕಪ್ಪಾಗುತ್ತದೆ, ಮಲಬದ್ಧತೆಯೂ ಆಗಬಹುದು. ಇದನ್ನು ಮೊದಲೇ ಹೇಳದೆ ಸುಮ್ನೆ ಕೈಗಿಟ್ಟರೆ ಎಷ್ಟು ಜನ ನುಂಗಿಯಾರು?

ಬಿಸಿಲೂ ಈ ಪಟ್ಟಿಗೆ ಸೇರಿದೆ. 2020ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ತಾಪ ಒಂದು ಡಿಗ್ರಿ ಏರಿದರೆ ಅಪಾಯ ಸುಮಾರು ಶೇ. 5ರಷ್ಟು ಏರುವುದು ಕಂಡಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಬಸುರಿ ಹೊಲದ ಕೆಲಸ ಬಿಡುವುದು ಅಷ್ಟು ಸುಲಭವಲ್ಲ.

ತಾರೀಖು ಯಾಕೆ ಬೇಕು ಅನ್ನುವುದಕ್ಕೆ ಉತ್ತರ 1972ರಲ್ಲಿದೆ. ಹೆರಿಗೆಗೆ ಮೊದಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ತೋರಿಸಿದರು. 2014ರಲ್ಲಿ ಕೇಂದ್ರ ಸರ್ಕಾರ, ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಎಎನ್‌ಎಂ ಸಿಸ್ಟರೇ (ಹಳ್ಳಿಯ ಆರೋಗ್ಯ ಕಾರ್ಯಕರ್ತೆ) ಮೊದಲ ಡೋಸ್ ಕೊಡಲು ಅನುಮತಿ ನೀಡಿತು. ಆದರೆ 24ರಿಂದ 34 ವಾರದೊಳಗೆ ಮಾತ್ರ.

ವಾರ ಎಣಿಸಲು ಕೊನೆಯ ಮುಟ್ಟಿನ ತಾರೀಖು ಬೇಕು. ಗುಳೆ ಹೋದ ಬಸುರಿ ಬೆಂಗಳೂರಲ್ಲಿ, ತಾಯಿ ಕಾರ್ಡ್ ಊರಲ್ಲಿ ಎಂದಾದರೆ ಸಿಸ್ಟರ್ ಹೊಟ್ಟೆ ಮುಟ್ಟಿ ಅಂದಾಜು ಮಾಡಬೇಕು. ಸೊರಗಿದ ಕೂಸಿದ್ದರೆ ಹೊಟ್ಟೆಯೂ ಸಣ್ಣದು, ಅಂದಾಜು ತಪ್ಪುತ್ತದೆ. ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನಿಂಗ್ ಮಾಡಿಸಿ ಅನ್ನುವುದು ಇದಕ್ಕೇ.