ಕನಕಾಂಗಿಯ ಗಾಂಧಾರ ರಿಷಭದ ಮನೆಯಲ್ಲೇಕೆ?

ಪ್ರಶ್ನೆ: ಕೀಬೋರ್ಡ್ ಇಟ್ಟುಕೊಂಡು ಮೇಳಕರ್ತ ರಾಗಗಳನ್ನು, ಅಂದರೆ ಕರ್ನಾಟಕ ಸಂಗೀತದ 72 ಮೂಲ ರಾಗಗಳನ್ನು, ಒಂದೊಂದಾಗಿ ನುಡಿಸಿ ನೋಡಲು ಹೊರಟೆ. ಮೊದಲನೆಯದಾದ ಕನಕಾಂಗಿಯಲ್ಲೇ ಸಿಕ್ಕಿಬಿದ್ದೆ. ಅದರ ಶುದ್ಧ ಗಾಂಧಾರ (ಗ) ಬೀಳುವುದು ಚತುಶ್ರುತಿ ರಿಷಭದ (ರಿ) ಮನೆಯಲ್ಲೇ. ಎರಡೂ ಒಂದೇ ಆದರೆ ಎರಡು ಹೆಸರೇಕೆ?

ಉತ್ತರ: ನಿಮ್ಮ ಕೀಬೋರ್ಡೂ ಸರಿ, ಪುಸ್ತಕವೂ ಸರಿ. ಮನೆ ಒಂದೇ, ಒಳಗಿರುವವರು ಬೇರೆ.

ಕರ್ನಾಟಕ ಸಂಗೀತದಲ್ಲಿ ಸ್ವರಸ್ಥಾನ ಹನ್ನೆರಡು, ಹೆಸರು ಹದಿನಾರು. ಚತುಶ್ರುತಿ ರಿಷಭದ ಜಾಗವೇ ಶುದ್ಧ ಗಾಂಧಾರಕ್ಕೂ, ಷಟ್‌ಶ್ರುತಿ ರಿಷಭದ ಜಾಗವೇ ಸಾಧಾರಣ ಗಾಂಧಾರಕ್ಕೂ. ಧೈವತ ನಿಷಾದಗಳಲ್ಲೂ ಇದೇ ಕಥೆ. ಮೇಳ ಎನ್ನಿಸಿಕೊಳ್ಳಬೇಕಾದರೆ ಏಳು ಸ್ವರಗಳೂ ಇರಬೇಕು. ಶುದ್ಧ ರಿಷಭ ಆಗಲೇ ಬಂದು ಕೂತಿರುವಾಗ ಪಕ್ಕದವನನ್ನೂ ರಿ ಎಂದು ಕರೆದರೆ ಸ್ವರ ಹಾಡುವವನ ಬಾಯಲ್ಲಿ ‘ಸ ರಿ ರಿ ಮ’ ಬರುತ್ತದೆ, ಗಾಂಧಾರ ನಾಪತ್ತೆ. ಆದ್ದರಿಂದ ಹೆಸರು ಹೇಳುವುದು ಎತ್ತರವನ್ನಷ್ಟೇ ಅಲ್ಲ. ಆ ಸ್ವರದ ಕೆಳಗೆ ಯಾರಿದ್ದಾರೆ, ಮೇಲೆ ಯಾರಿದ್ದಾರೆ ಎಂಬುದನ್ನೂ.

ಈಗ ಅಳತೆ. ಲೆಕ್ಕ ಸುಲಭವಾಗಲೆಂದು ಷಡ್ಜವನ್ನು 240 ಹರ್ಟ್ಸ್‌ಗೆ ಇಟ್ಟುಕೊಳ್ಳೋಣ. ತಂಬೂರಿಗೆ ಹೊಂದುವ ಸರಳ ಅನುಪಾತಗಳಲ್ಲಿ ಶುದ್ಧ ರಿಷಭ 256 (16/15), ಶುದ್ಧ ಗಾಂಧಾರ 270 (9/8), ಶುದ್ಧ ಮಧ್ಯಮ 320 (4/3), ಪಂಚಮ 360 (3/2). ಪಂಚಮವನ್ನೇ ಷಡ್ಜವೆಂದುಕೊಂಡು ಅದೇ ಅನುಪಾತಗಳಲ್ಲಿ ಮೇಲೆ ಹೋದರೆ ಧೈವತ 384, ನಿಷಾದ 405, ಮೇಲಿನ ಷಡ್ಜ 480. ಅಂದರೆ ಕನಕಾಂಗಿಯ ಪೂರ್ವಾಂಗ (ಸ ದಿಂದ ಮ ವರೆಗೆ), ಉತ್ತರಾಂಗ (ಪ ದಿಂದ ಮೇಲಿನ ಸ ವರೆಗೆ) ಒಂದೇ ಅಚ್ಚಿನವು. ಎರಡು ಸಣ್ಣ ಹೆಜ್ಜೆ, ಆಮೇಲೆ ಒಂದು ದೊಡ್ಡ ನೆಗೆತ. ಕೀಬೋರ್ಡಿನ ಮನೆಗಳಲ್ಲಿ ಎಣಿಸಿದರೆ 1, 1, 3, ನಡುವೆ 2, ಮತ್ತೆ 1, 1, 3. ಒಟ್ಟು 12. ನಿಮ್ಮ ಕೀಬೋರ್ಡ್ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ ಅದರ ರಿಷಭ ಸುಮಾರು 254.3, ಧೈವತ 381. ಗಾಂಧಾರ ಮಾತ್ರ 269.4, ಅಷ್ಟು ವ್ಯತ್ಯಾಸ ಕಿವಿಗೆ ಗೊತ್ತಾಗುವುದು ಕಷ್ಟ. ಹಾಡುವವರು ಈ ಅಂಕಿಗಳನ್ನು ಹಿಡಿದು ಕೂರುವುದಿಲ್ಲ ಎನ್ನುವುದು ಬೇರೆ ಮಾತು.

ಹೀಗೆ ಶುದ್ಧ ಗಾಂಧಾರ ಅಥವಾ ಷಟ್‌ಶ್ರುತಿ ರಿಷಭ ಇರುವ ರಿ‑ಗ ಜೋಡಿಗೆ, ಹಾಗೆಯೇ ಶುದ್ಧ ನಿಷಾದ ಅಥವಾ ಷಟ್‌ಶ್ರುತಿ ಧೈವತ ಇರುವ ಧ‑ನಿ ಜೋಡಿಗೆ ವಿವಾದಿ ಎಂದು ಹೆಸರು. 72 ಮೇಳಗಳಲ್ಲಿ 40ರಲ್ಲಿ ಇಂಥ ಜೋಡಿ ಇದೆ, ಕನಕಾಂಗಿಯಲ್ಲಿ ಎರಡಿವೆ. ಕಷ್ಟ ಇರುವುದು ಗಮಕದಲ್ಲಿ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದರಲ್ಲಿ. ಎರಡು ಸ್ವರಗಳ ನಡುವೆ ಒಂದೇ ಮನೆಯ ಅಂತರ ಇರುವಾಗ ಗಾಂಧಾರವನ್ನು ಸ್ವಲ್ಪ ಅಲುಗಿಸಿದರೂ ಅದು ರಿಷಭಕ್ಕೆ ತಗಲುತ್ತದೆ.

ಹಾಗಂತ ಕನಕಾಂಗಿ ಯಾರೋ ಲೆಕ್ಕಕ್ಕಾಗಿ ಹುಟ್ಟಿಸಿದ ಮೇಳವೇನಲ್ಲ. ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ಎಲ್ಲ ಸ್ವರಗಳೂ ಶುದ್ಧವಾಗಿರುವ ಇದೇ ಮೇಳ ಮೊದಲನೆಯದು. ಆಗ ಅದರ ಹೆಸರು ಮುಖಾರಿ. ಇಂದು ನಾವು ಮುಖಾರಿ ಎನ್ನುವ ರಾಗ ಖರಹರಪ್ರಿಯ ಎಂಬ ಬೇರೆ ಮೇಳದ ಮನೆಯವಳು, ಬೆರೆಸಬೇಡಿ. ಕನಕಾಂಗಿ ಎಂಬ ಹೆಸರು ಬಂದದ್ದು ಆಮೇಲೆ, ಅಕ್ಷರಗಳಲ್ಲಿ ಅಂಕಿ ಅಡಗಿಸುವ ಕಟಪಯಾದಿ ಸೂತ್ರಕ್ಕೆ ಹೊಂದಿಸಲು: ಕ ಎಂದರೆ 1, ನ ಎಂದರೆ 0, ತಿರುಗಿಸಿ ಓದಿದರೆ 01, ಅಂದರೆ ಮೊದಲ ಮೇಳ. ಇಲ್ಲಿಯ ‘ಶುದ್ಧ’ ಕನಕಾಂಗಿಯ ಸ್ವರಗಳಾದರೆ ಹಿಂದೂಸ್ತಾನಿಯವರ ‘ಶುದ್ಧ’ ಬಿಲಾವಲ್ ಎಂಬ ಅವರ ರಾಗದ ಸ್ವರಗಳನ್ನು ಹೇಳುತ್ತದೆ. ಎರಡೂ ಪದ್ಧತಿಯ ಪುಸ್ತಕ ಒಟ್ಟಿಗೆ ಓದುವವರು ಇಲ್ಲಿ ಎಡವುವುದು ಸಾಮಾನ್ಯ.

ಶುದ್ಧ ಗಾಂಧಾರದ ನಿಜವಾದ ನಡತೆ ತಿಳಿಯಬೇಕಾದರೆ ನನ್ನ ಮಟ್ಟಿಗೆ ಕನಕಾಂಗಿಗಿಂತ ವರಾಳಿ ರಾಗ ಒಳ್ಳೆಯ ಗುರು. ಅದರ ಆರೋಹಣವೇ ‘ಸ ಗ ರಿ ಗ ಮ’ ಎಂದು ಸುತ್ತಿ ಹೋಗುತ್ತದೆ. ಹಾಡುವಾಗ ಅಲ್ಲಿಯ ಗಾಂಧಾರ ತನ್ನ ಮನೆಯಿಂದ ಕೊಂಚ ಮೇಲಕ್ಕೆ, ಸಾಧಾರಣ ಗಾಂಧಾರದತ್ತ ವಾಲುತ್ತದೆ. ಮಧ್ಯಮವಂತೂ ಪಂಚಮಕ್ಕೆ ತೀರ ಹತ್ತಿರವಾಗಿ ‘ವರಾಳಿ ಮಧ್ಯಮ’ ಎಂದೇ ಪ್ರಸಿದ್ಧ. ಚತುಶ್ರುತಿ ರಿಷಭ ಸಾಮಾನ್ಯವಾಗಿ ಹೀಗೆ ವಾಲುವುದಿಲ್ಲ. ವರಾಳಿಯನ್ನು ನೇರವಾಗಿ ಪಾಠ ಹೇಳಿದರೆ ಗುರುಶಿಷ್ಯರ ನಡುವೆ ಮನಸ್ತಾಪ ಬರುತ್ತದೆಂಬ ಹಳೆಯ ನಂಬಿಕೆ ಬೇರೆ ಇದೆ. ತ್ಯಾಗರಾಜರ ಪಂಚರತ್ನಗಳಲ್ಲಿ ನಾಟ, ವರಾಳಿ ಎರಡೂ ವಿವಾದಿ ಮೇಳಗಳಿಗೇ ಸೇರಿದವು. ಆರಾಧನೆಯ ದಿನ ನೂರಾರು ಜನ ಒಟ್ಟಾಗಿ ಹಾಡಿಯೂ ಚೆನ್ನಾಗಿಯೇ ಇದ್ದಾರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ತಂಬೂರಿ ಹಾಕಿಕೊಂಡು ಮೊದಲು ಚತುಶ್ರುತಿ ರಿಷಭವಿರುವ ಮಧ್ಯಮಾವತಿ ರಾಗದ ‘ಸ ರಿ ಮ ಪ’ ನುಡಿಸಿ. ಆ ರಿಷಭದ ಮೇಲೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಈಗ ಅದೇ ನಾಲ್ಕು ಮನೆಗಳಿಗೆ ಶುದ್ಧ ರಿಷಭವೊಂದನ್ನು ಸೇರಿಸಿ ‘ಸ ರಿ ಗ ಮ ಪ’ ಎಂದು ಹೋಗಿ, ಮತ್ತೆ ಅದೇ ಮನೆಯ ಮೇಲೆ ನಿಲ್ಲಿ. ಬೆರಳು ಅಲ್ಲೇ ಇದೆ. ಆದರೆ ಈ ಸಲ ಕೆಳಗಿನ ರಿಷಭ ಕಿವಿಯಿಂದ ಇನ್ನೂ ಹೋಗಿರುವುದಿಲ್ಲ.