ಹಳೆಯ ಡೀಸೆಲ್ ಪಿಕಪ್ ತಡವಾಗಿ ಸ್ಟಾರ್ಟ್ ಆಗುವುದೇಕೆ: ಪತ್ತೆ ಹಚ್ಚುವ ಕ್ರಮ

ಯಾಂತ್ರಿಕ ಡೀಸೆಲ್ ಪಂಪ್ ಇರುವ, 12 ವೋಲ್ಟ್‌ನ ಹಳೆಯ ಪಿಕಪ್‌ಗಳನ್ನು, ಅಂದರೆ ನಮ್ಮ ಎಪಿಎಂಸಿ ಅಂಗಳಗಳಲ್ಲಿ ಇಂದಿಗೂ ತರಕಾರಿ ಹೊರುತ್ತಿರುವ ಟಾಟಾ 207 ಅಥವಾ ಹಳೆಯ ಬೊಲೆರೊ ಪಿಕಪ್‌ನಂಥ ಗಾಡಿಗಳನ್ನು, ಗಮನದಲ್ಲಿಟ್ಟುಕೊಂಡು ಈ ಟಿಪ್ಪಣಿಯನ್ನು ಬರೆಯಲಾಗಿದೆ. ಇಲೆಕ್ಟ್ರಾನಿಕ್ ನಿಯಂತ್ರಣದ, ಹೊಸ ಬಗೆಯ ಕಾಮನ್ ರೈಲ್ ಎಂಜಿನ್‌ಗಳ ಇಂಧನ ವ್ಯವಸ್ಥೆ ಬೇರೆಯಾದರೂ ಬ್ಯಾಟರಿ ಮತ್ತು ಸೆಲ್ಫ್ ಮೋಟರ್‌ಗೆ ಸಂಬಂಧಿಸಿದ ಭಾಗ ಅವುಗಳಿಗೂ ಅನ್ವಯಿಸುತ್ತದೆ.

‘ಬೆಳಿಗ್ಗೆ ಗಾಡಿ ಬೇಗ ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ದೂರುಗಳು ಸೇರಿಕೊಂಡಿರುತ್ತವೆ. ಸೆಲ್ಫ್ ಎಂಜಿನ್ನನ್ನು ಎಳೆಯಲಾರದೆ ನಿಧಾನವಾಗಿ ತಿರುಗಿಸುವುದು ಒಂದು. ಸೆಲ್ಫ್ ಚುರುಕಾಗಿಯೇ ತಿರುಗಿಸಿದರೂ ಎಂಜಿನ್ ಹಿಡಿಯದಿರುವುದು ಇನ್ನೊಂದು. ಚಾಲಕನನ್ನು ಕೇಳಿ ಇದನ್ನು ತೀರ್ಮಾನಿಸಬಾರದು. ಕೀಲಿ ತಿರುಗಿಸಲು ಹೇಳಿ, ಬಾನೆಟ್ ಬಳಿ ನಿಂತು ಸ್ವತಃ ಕೇಳಿಸಿಕೊಳ್ಳಬೇಕು. ಡೀಸೆಲ್ ಎಂಜಿನ್‌ನಲ್ಲಿ ಮೊದಲ ದೋಷವೇ ಎರಡನೆಯದನ್ನು ಹುಟ್ಟಿಸಬಲ್ಲದು ಎಂಬುದನ್ನೂ ಮರೆಯುವಂತಿಲ್ಲ. ಇಲ್ಲಿ ಕಿಡಿಯಿಲ್ಲ, ಒತ್ತಡಕ್ಕೆ ಸಿಕ್ಕಿ ಬಿಸಿಯೇರಿದ ಗಾಳಿಯೇ ಡೀಸೆಲನ್ನು ಹೊತ್ತಿಸಬೇಕು. ಪಿಸ್ಟನ್ ನಿಧಾನವಾಗಿ ಮೇಲೇರಿದರೆ ಗಾಳಿ ರಿಂಗ್‌ಗಳ ಬದಿಯಿಂದ ಸೋರಿಹೋಗಲು, ಅದರ ಬಿಸಿ ಸಿಲಿಂಡರ್ ಗೋಡೆಗೆ ಇಳಿಯಲು ಸಾಕಷ್ಟು ಸಮಯ ಸಿಗುತ್ತದೆ. ಆದ್ದರಿಂದ ಸೆಲ್ಫ್ ನಿಧಾನವಿರುವಾಗ ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಲು ಹೊರಡುವುದು ವ್ಯರ್ಥ ಶ್ರಮ.

ಸೆಲ್ಫ್ ನಿಧಾನವಾದರೆ ಹೊಸ ಬ್ಯಾಟರಿ ಕೂರಿಸುವುದು ಹಲವು ಗ್ಯಾರೇಜುಗಳ ವಾಡಿಕೆ. ಹೊಸ ಬ್ಯಾಟರಿಯ ಬಲದಿಂದ ಕೆಲವು ವಾರ ಗಾಡಿ ಸರಿಯಿರುತ್ತದೆ, ಬಳಿಕ ಅದೇ ದೂರು ಮರಳುತ್ತದೆ. ಹಳೆಯ ಗಾಡಿಗಳಲ್ಲಿ ಬ್ಯಾಟರಿಗಿಂತಲೂ ಅದರಿಂದ ಸೆಲ್ಫ್‌ವರೆಗಿನ ದಾರಿಯನ್ನು ಹೆಚ್ಚು ಅನುಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಬ್ಯಾಟರಿ ಪರೀಕ್ಷೆಯನ್ನು ಬಿಡುವಂತಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ತೋರಿದರೆ ಪೂರ್ಣ ಚಾರ್ಜ್ ಎಂದೂ, 12.2 ತೋರಿದರೆ ಸುಮಾರು ಅರ್ಧ ಚಾರ್ಜ್ ಎಂದೂ ತಿಳಿಯಬಹುದು. ಆಗತಾನೇ ಓಡಿ ಬಂದ ಗಾಡಿಯಲ್ಲಿ ಅಳೆದರೆ ಸುಳ್ಳು ಅಂಕಿ ಸಿಗುತ್ತದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಿಂದ ಆರೂ ಕೋಶಗಳನ್ನು ನೋಡಬೇಕು. ಒಂದು ಕೋಶದ ಸಾಂದ್ರತೆ ಉಳಿದವಕ್ಕಿಂತ 0.050ರಷ್ಟು ಕಡಿಮೆಯಿದ್ದರೆ ಆ ಕೋಶ ಕೆಟ್ಟಿದೆ ಎಂದೇ ಭಾವಿಸಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಂಥ ಎಂಜಿನ್ ತಿರುಗಿಸಲು ಸೆಲ್ಫ್ ನೂರಾರು ಆಂಪಿಯರ್ ವಿದ್ಯುತ್ ಎಳೆಯುತ್ತದೆ. 250 ಆಂಪಿಯರ್ ಎಂದು ಹಿಡಿಯೋಣ. ದಾರಿಯಲ್ಲಿ ಎಲ್ಲೋ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಓಮ್ ನಿಯಮದಂತೆ 0.01 × 250 = 2.5 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ, ಮತ್ತು 625 ವಾಟ್ ಶಕ್ತಿ ಆ ಜಾಗದಲ್ಲಿ ಬಿಸಿಯಾಗಿ ಹೋಗುತ್ತದೆ. ಇಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮಲ್ಟಿಮೀಟರ್‌ನ ಓಮ್ ಸ್ಥಾನ ತೋರಿಸಲಾರದು; ಹತ್ತಾರು ಎಳೆಗಳು ತುಂಡಾಗಿ ನಾಲ್ಕೈದು ಎಳೆ ಉಳಿದಿರುವ ಕೇಬಲ್ ಕೂಡ ಅದರ ಪ್ರಕಾರ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಕೇಬಲ್ ಮೇಲೆ ಭಾರ ಬಿದ್ದಿರುವಾಗಲೇ, ಅಂದರೆ ಸೆಲ್ಫ್ ತಿರುಗುತ್ತಿರುವಾಗಲೇ, ವೋಲ್ಟೇಜ್ ಕುಸಿತವನ್ನು ಅಳೆಯಬೇಕು.

ಅಳೆಯುವ ಮುನ್ನ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಡಬೇಕು. ಎಂಜಿನ್ ಹಿಡಿಯದಂತೆ ಸ್ಟಾಪ್ ಕೇಬಲ್ ಎಳೆದಿಡಬೇಕು ಅಥವಾ ಪಂಪಿನ ಮೇಲಿರುವ, ಡೀಸೆಲ್ ನಿಲ್ಲಿಸುವ ಕಟ್-ಆಫ್ ಸೊಲೆನಾಯ್ಡ್‌ನ ತಂತಿಯನ್ನು ಕಳಚಬೇಕು. ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು, ಸಹಾಯಕ ಪ್ರತಿ ಸಲ ನಾಲ್ಕೈದು ಸೆಕೆಂಡು ಸೆಲ್ಫ್ ಹೊಡೆಯುತ್ತಿರುವಾಗ ಕ್ರಮವಾಗಿ ನಾಲ್ಕು ಅಳತೆ ತೆಗೆದುಕೊಳ್ಳಬೇಕು: ಬ್ಯಾಟರಿಯ ಎರಡು ಕಂಬಗಳ ನಡುವೆ, ಸೆಲ್ಫ್‌ನ ದಪ್ಪ ಬೋಲ್ಟ್ ಮತ್ತು ಅದರ ಹೊರಕವಚದ ನಡುವೆ, ಬ್ಯಾಟರಿಯ ಪಾಸಿಟಿವ್ ಕಂಬ ಮತ್ತು ಸೆಲ್ಫ್ ಬೋಲ್ಟ್ ನಡುವೆ, ಕೊನೆಗೆ ಬ್ಯಾಟರಿಯ ನೆಗೆಟಿವ್ ಕಂಬ ಮತ್ತು ಸೆಲ್ಫ್ ಕವಚದ ನಡುವೆ. ಮೀಟರ್‌ನ ಮೊನೆಯನ್ನು ಟರ್ಮಿನಲ್ ಕ್ಲ್ಯಾಂಪ್‌ಗಲ್ಲ, ಸೀಸದ ಕಂಬಕ್ಕೇ ಒತ್ತಬೇಕು. ಕ್ಲ್ಯಾಂಪ್‌ಗೆ ಒತ್ತಿದರೆ ಕಂಬ ಮತ್ತು ಕ್ಲ್ಯಾಂಪ್ ನಡುವಿನ ಬಿಳಿ ಪುಡಿ ಮಾಡುತ್ತಿರುವ ತೊಂದರೆ ಅಳತೆಯಿಂದಲೇ ತಪ್ಪಿಸಿಕೊಳ್ಳುತ್ತದೆ.

ಒಂದು ಮಾದರಿ ಲೆಕ್ಕ ನೋಡೋಣ. ಮೊದಲ ಅಳತೆ 10.6, ಎರಡನೆಯದು 8.3, ಮೂರನೆಯದು 0.4, ನಾಲ್ಕನೆಯದು 1.9 ಎಂದು ಬಂದಿತೆನ್ನಿ. 10.6ರಲ್ಲಿ 8.3 ಕಳೆದರೆ ದಾರಿಯಲ್ಲಿ ಹೋದದ್ದು 2.3 ವೋಲ್ಟ್, ಮೂರನೆಯ ಮತ್ತು ನಾಲ್ಕನೆಯ ಅಳತೆಗಳ ಮೊತ್ತವೂ ಅಷ್ಟೇ ಆಗಿರುವುದರಿಂದ ಲೆಕ್ಕ ತಾಳೆಯಾಯಿತು. ಬ್ಯಾಟರಿ 10 ವೋಲ್ಟ್‌ಗಿಂತ ಕೆಳಗಿಳಿದಿಲ್ಲವಾದ್ದರಿಂದ ಅದು ನಿರಪರಾಧಿ. ಪ್ರತಿ ಬದಿಯಲ್ಲೂ ಅರ್ಧ ವೋಲ್ಟ್ ಒಳಗೆ ಇರಬೇಕಾದ ಕುಸಿತ ಅರ್ತ್ ಬದಿಯಲ್ಲಿ, ಅಂದರೆ ನೆಗೆಟಿವ್ ಬದಿಯಲ್ಲಿ, ಸುಮಾರು ಎರಡಾಗಿದೆ. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುವುದರಿಂದ, ಬ್ಯಾಟರಿಯ ನೆಗೆಟಿವ್ ಸೇರುವ ಚಾಸಿಗೂ ಅದಕ್ಕೂ ವಿದ್ಯುತ್ ಸಂಪರ್ಕ ಕೊಡುವುದು ಹೆಣೆದ ತಾಮ್ರದ ಅರ್ತ್ ಪಟ್ಟಿ ಮಾತ್ರ. ಎಣ್ಣೆ, ಕೆಸರು, ತುಕ್ಕುಗಳ ಅಡಿಯಲ್ಲಿ ಅದು ಮುಚ್ಚಿಹೋಗಿರುತ್ತದೆ. ಕೆಲವು ಗಾಡಿಗಳಲ್ಲಿ ಕ್ಲಚ್ ಓವರ್‌ಹಾಲ್ ಆದಮೇಲೆ ಅದನ್ನು ಮರಳಿ ಕಟ್ಟಿರುವುದೇ ಇಲ್ಲ. ಆಗ ವಿದ್ಯುತ್ ಆಕ್ಸಿಲರೇಟರ್ ಕೇಬಲ್‌ನಂಥ ತೆಳು ದಾರಿ ಹುಡುಕಿಕೊಳ್ಳುತ್ತದೆ. ಸೆಲ್ಫ್ ಹೊಡೆದ ಕೂಡಲೇ ಆ ಕೇಬಲ್ ಬಿಸಿಯಾಗಿದ್ದರೆ ಮೀಟರ್ ಇಲ್ಲದೆಯೂ ದೋಷ ತಿಳಿಯುತ್ತದೆ. ಪಟ್ಟಿಯ ಎರಡೂ ತುದಿ ಬಿಚ್ಚಿ, ಬಣ್ಣ ಹೋಗಿ ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕು. ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ ಎಂಬ ನಿಯಮ ಇಲ್ಲಿಯೂ ತಪ್ಪಬಾರದು.

ಕೇಬಲ್‌ಗಳೆಲ್ಲ ಸರಿಯಿದ್ದು, ಸೆಲ್ಫ್‌ಗೆ 10 ವೋಲ್ಟ್ ತಲುಪುತ್ತಿದ್ದರೂ ತಿರುಗುವಿಕೆ ನಿಧಾನವಾದರೆ ಮಾತ್ರ ಸೆಲ್ಫ್ ಇಳಿಸಬೇಕು. ಸವೆದ ಕಾರ್ಬನ್ ಬ್ರಷ್, ಸೊಲೆನಾಯ್ಡ್ ಒಳಗಿನ ಸುಟ್ಟ ತಾಮ್ರದ ಸಂಪರ್ಕ, ಬುಷ್ ಸವೆದು ಒಳಗೋಡೆಗೆ ಉಜ್ಜುವ ಆರ್ಮೇಚರ್ ಅಲ್ಲಿ ಸಿಗುವ ಸಾಮಾನ್ಯ ದೋಷಗಳು. ಕೇಬಲ್ ಸುತ್ತ ಹಿಡಿದು ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇಳಿಸುವ ಮುನ್ನವೇ ಸುಳಿವು ಸಿಗುತ್ತದೆ: ವೇಗ ಕಡಿಮೆಯಾಗಿ ಆಂಪಿಯರ್ ಅತಿಯಾಗಿದ್ದರೆ ಒಳಗೆ ಉಜ್ಜಾಟವೋ ಶಾರ್ಟೋ ಇದೆ ಅಥವಾ ಎಂಜಿನ್ನೇ ಬಿಗಿಯಾಗಿದೆ; ಎರಡೂ ಕಡಿಮೆಯಿದ್ದರೆ ಎಲ್ಲೋ ತಡೆ ಇದೆ.

ಸೆಲ್ಫ್ ಚುರುಕಾಗಿದ್ದೂ ಎಂಜಿನ್ ಹಿಡಿಯದಿದ್ದರೆ ಸೈಲೆನ್ಸರ್ ಕಡೆ ನೋಡಬೇಕು. ಹೊಗೆಯೇ ಬರದಿದ್ದರೆ ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ತಲುಪಿದರೂ ಉರಿಯುತ್ತಿಲ್ಲ, ಆಗ ಸಿಲಿಂಡರ್ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಎಂಜಿನ್ನಾದರೆ ಅವನ್ನೂ, ನಂತರ ಕಂಪ್ರೆಷನ್ನನ್ನೂ ನೋಡಬೇಕು. ರಾತ್ರಿ ನಿಂತು ಬೆಳಿಗ್ಗೆ ಮಾತ್ರ ಕಾಡುವ, ಹಗಲೆಲ್ಲ ಒಂದೇ ಸಲಕ್ಕೆ ಹಿಡಿಯುವ ಗಾಡಿಯಲ್ಲಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತಿರುವ ಸಂಭವ ಹೆಚ್ಚು. ಕೀಲಿ ಮುಟ್ಟುವ ಮೊದಲು ಫಿಲ್ಟರ್ ಬಳಿಯ ಹ್ಯಾಂಡ್ ಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿದಾಗ ತಕ್ಷಣ ಹಿಡಿದರೆ ಅನುಮಾನ ದೃಢವಾಗುತ್ತದೆ. ಟ್ಯಾಂಕಿನಿಂದ, ಡೀಸೆಲ್ ಎಳೆದು ಕೊಡುವ ಫೀಡ್ ಪಂಪ್‌ವರೆಗಿನ ಪೈಪು ಎಳೆತದ ಬದಿಯದಾದ್ದರಿಂದ ಅಲ್ಲಿನ ಬಿರುಕು ಹೊರಗೆ ಡೀಸೆಲ್ ತೊಟ್ಟಿಕ್ಕಿಸದೆ ಒಳಗೆ ಗಾಳಿ ಎಳೆದುಕೊಳ್ಳಬಹುದು. ಒಣಗಿದೆಯೆಂದು ಅದನ್ನು ಸರಿಯೆನ್ನಲಾಗದು. ಫೀಡ್ ಪಂಪಿಗೆ ಡೀಸೆಲ್ ಬರುವ ಬದಿಯಲ್ಲಿ ತಾತ್ಕಾಲಿಕವಾಗಿ ಪಾರದರ್ಶಕ ಪೈಪಿನ ತುಂಡು ಜೋಡಿಸಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಾಣುತ್ತವೆ, ಮತ್ತು ಆ ತುಂಡನ್ನು ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ಸರಿಸುತ್ತ ಹೋದಾಗ ಗುಳ್ಳೆ ನಿಲ್ಲುವ ಜಾಗಕ್ಕೂ ಅದರ ಹಿಂದಿನ ಜಾಗಕ್ಕೂ ನಡುವೆ ಗಾಳಿ ಒಳಬರುವ ಬಿರುಕು ಇರುತ್ತದೆ.