ಹಗೇವಿನ ಬಾಯಿ ತೆಗೆಯುವ ದಿನ

ಮಳೆ ಜೋರಾದ ವರ್ಷ ಕಲಬುರಗಿ ಸೀಮೆಯ ಹಳೇ ಊರುಗಳಲ್ಲಿ ಓಣಿಯ ನೆಲ ಇದ್ದಕ್ಕಿದ್ದಂತೆ ಕುಸಿಯುವುದುಂಟು. ಇಣುಕಿದರೆ ಒಳಗೆ ಆಳೆತ್ತರದ ಗುಂಡಿ. ‘ಹಗೇವು ಬಿದ್ದದ ನೋಡ್ರಿ’ ಅಂದು ಹಿರಿಯರು ಸುಮ್ಮನಾಗುತ್ತಾರೆ. ಹಗೇವು ಅಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಗುಂಡಿ. ಗಡಿಯಾಚೆ ಮರಾಠಿಯವರು ಇದನ್ನೇ ‘ಪೇವ’ ಅನ್ನುತ್ತಾರೆ.

ಎರೆ ನೆಲ, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿಯುತ್ತದೆ. ಹಾಗಾಗಿ ಹಗೇವಿಗೆ ಗರಸು (ಗಟ್ಟಿ ಕಲ್ಲುಮಣ್ಣು) ನೆಲದ ದಿಬ್ಬವೇ ಬೇಕು. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಮಾತ್ರ ಹರವಿಯಂತೆ ಅಗಲ. ತಳಕ್ಕೂ ಗೋಡೆಗೂ ಒಣ ಕಣಿಕೆ (ಜೋಳದ ದಂಟು), ಹೊಟ್ಟು ಒತ್ತಿ, ಹಿಂಗಾರಿ ಬಿಳಿಜೋಳ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಮುಗಿಯಿತು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ನುಸಿ ಸಾಯುತ್ತದೆ. ಅದೇ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಬಾಯಿ ತೆಗೆದು ತಾಸುಗಟ್ಟಲೆ ಕಾದು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಅವಸರ ಮಾಡಿ ಸತ್ತವರೂ ಇದ್ದಾರೆ. ಬಿತ್ತನೆ ಬೀಜವನ್ನು ಮಾತ್ರ ಇಲ್ಲಿಗೆ ಹಾಕುತ್ತಿರಲಿಲ್ಲ. ಹಗೇವಿನ ಕಾಳಿಗೆ ಒಂದು ವಾಸನೆ ಹತ್ತುತ್ತದೆ, ಮೊಳಕೆಯ ಕಸುವೂ ಕುಗ್ಗುತ್ತದೆ.

ಒಂದು ಸಂಗತಿ ಹಗೇವಿನ ಕಥೆಯನ್ನೇ ಬೇರೆ ಮಾಡುತ್ತದೆ: ಬಾಯಿ ತೆಗೆದರೆ ಗಾಳಿ ಹೊಕ್ಕಿತು, ಇನ್ನು ಪೂರ್ತಿ ಖಾಲಿ ಮಾಡಲೇಬೇಕು. ಒಂದು ಮನೆ ಅಷ್ಟು ಜೋಳ ಒಮ್ಮೆಗೆ ತಿನ್ನಲಾರದು. ಆದ್ದರಿಂದ ಬರದಲ್ಲಿ ಹಗೇವು ತೆಗೆದ ದಿನ ಊರೇ ಚೀಲ ಹಿಡಿದು ಬರುತ್ತಿತ್ತು. ಪುಕ್ಕಟೆಯಲ್ಲ. ರಾಶಿಯ ಹೊತ್ತಿಗೆ ಸವಾಯಿಯೋ (ಒಂದೂಕಾಲು ಪಟ್ಟು) ದೀಡಪಟ್ಟೋ (ಒಂದೂವರೆ ಪಟ್ಟು) ತಿರುಗಿಸಬೇಕು. ಹಗೇವು ಜೀವ ಉಳಿಸಿದ್ದು ನಿಜ, ಸಾಲ ಹುಟ್ಟಿಸಿದ್ದೂ ನಿಜ. ತುಂಬಿಡುವಷ್ಟು ಬೆಳೆ ಇದ್ದವನಿಗಷ್ಟೇ ಅದು ಭದ್ರತೆ, ಕೂಲಿಯವನಿಗೆ ಅದು ಇನ್ನೊಬ್ಬರ ಮನೆಯ ಬಾಗಿಲು.

1876–78ರ ದೊಡ್ಡ ಬರ ದಖ್ಖನ್ನನ್ನೇ ಹಿಂಡಿತು. ಆಮೇಲೆ ಎರಡನೇ ಮಹಾಯುದ್ಧದ ಕಾಲ: ನಿಜಾಮ ಸರ್ಕಾರ ರೈತರಿಂದ ಲೆವಿ ಧಾನ್ಯ ಕಡ್ಡಾಯವಾಗಿ ವಸೂಲಿ ಮಾಡಿತು. ಅಂಗಳದ ಕಣಜ ಎಲ್ಲರ ಕಣ್ಣಿಗೆ ಬೀಳುತ್ತದೆ, ನೆಲದೊಳಗಿನ ಹಗೇವು ಬೀಳುವುದಿಲ್ಲ! 1972ರ ಬರದ ಹೊತ್ತಿಗೆ ಕಲ್ಲು ಒಡೆಯುವ ಬರಪರಿಹಾರದ ಕೆಲಸ, ಹೊರಗಿನಿಂದ ಬಂದ ಧಾನ್ಯ ಊರು ತಲುಪತೊಡಗಿದ್ದವು.

ಹಗೇವು ಒಂದೇ ಏಟಿಗೆ ಹೋಗಲಿಲ್ಲ. ಮಳೆಯಲ್ಲೇ ತೆನೆ ಕಟ್ಟುವ ಮುಂಗಾರಿ ಹೈಬ್ರಿಡ್ ಜೋಳ ಬೂಸ್ಟು ಹಿಡಿಯುತ್ತಿತ್ತು, ನೆಲದೊಳಗೆ ಇಡುವಂಥದ್ದಲ್ಲ. ರೇಷನ್ ಅಕ್ಕಿ ಬಂತು, 2013ರಲ್ಲಿ ಅನ್ನಭಾಗ್ಯ. ಎಲ್ಲಕ್ಕಿಂತ ದೊಡ್ಡ ಪೆಟ್ಟು ತೊಗರಿಯದು ಅಂತ ನನಗನ್ನಿಸುತ್ತದೆ. ಜೋಳ ಉಣ್ಣುವ ಬೆಳೆ, ತೊಗರಿ ಮಾರುವ ಬೆಳೆ. 2016–17ರಲ್ಲಿ ತೊಗರಿ ಭರ್ಜರಿ ಬಂದಾಗ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದರೂ ಪೇಟೆಯ ದರ ಅದಕ್ಕಿಂತ ಕೆಳಗೆ ಬಿತ್ತು. ಸಾಲ ತಲೆಯ ಮೇಲಿದ್ದವರು ಕಾಯಲಾಗದೆ ಬಂದಷ್ಟಕ್ಕೆ ಮಾರಿದರು.

ಓಣಿಯಲ್ಲಿ ಕುಸಿದ ಹಗೇವಿಗೆ ಈಗ ಎರಡು ಟ್ರ್ಯಾಕ್ಟರ್ ಗರಸು ಸುರಿದು, ಮೇಲೆ ಸಿಮೆಂಟ್ ಹಾಕುತ್ತಾರೆ.